ಫೋನ್ ಎತ್ತದವರಿಗೆ ಏನು ಹೇಳಿ ಇಡಬೇಕು? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬಿ.ಕಾಂ. ಮುಗಿಸಿ ಜಿಎಸ್‌ಟಿ ರಿಟರ್ನ್ ಸಲ್ಲಿಸುವ, ಲೆಕ್ಕಪತ್ರ ಬರೆದುಕೊಡುವ ಸಣ್ಣ ಕಚೇರಿ ತೆರೆದಿದ್ದೇನೆ. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ರೈಸ್‌ಮಿಲ್ ಮಾಲೀಕರಿಗೆ ಪರಿಚಯವಿಲ್ಲದಿದ್ದರೂ ಫೋನ್ ಮಾಡುತ್ತೇನೆ. ಹೆಚ್ಚಿನವರು ಎತ್ತುವುದಿಲ್ಲ. ಅಂಥವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ನಿಮಿಷದ ಧ್ವನಿ ಸಂದೇಶ ಕಳುಹಿಸಿ ನಮ್ಮ ಎಲ್ಲ ಸೇವೆಗಳನ್ನೂ ವಿವರಿಸುತ್ತೇನೆ. ಉತ್ತರ ಬರುವುದಿಲ್ಲ, ಕೆಲವರು ಬ್ಲಾಕ್ ಮಾಡಿದ್ದಾರೆ. ಸಂದೇಶ ಕಳುಹಿಸುವುದೇ ತಪ್ಪೇ, ಕಳುಹಿಸುವ ರೀತಿ ತಪ್ಪೇ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಎರಡಕ್ಕಿಂತ ಮೊದಲು ನಿಮ್ಮ ಕೆಲಸದ ಕ್ರಮವನ್ನೇ ಬದಲಿಸಬೇಕು ಎಂದು ನನಗೆ ಅನ್ನಿಸುತ್ತದೆ. ಮಿಲ್ಲು ನಡೆಯುತ್ತಿರುವಾಗ ಯಂತ್ರದ ಸದ್ದಿನ ನಡುವೆ ಮಾಲೀಕರಿಗೆ ಫೋನು ಕೇಳಿಸುವುದೇ ಕಷ್ಟ. ಸುಗ್ಗಿಯಲ್ಲಿ ಭತ್ತದ ಟ್ರ್ಯಾಕ್ಟರುಗಳು ಗೇಟಿನ ಹೊರಗೆ ಸಾಲುಗಟ್ಟಿ ನಿಂತಿರುವಾಗ, ಗುರುತಿಲ್ಲದ ನಂಬರಿನ ಕರೆಯನ್ನು ಅವರು ಎತ್ತುವರೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಹಾಗೆ ಎತ್ತದೆ ಹೋದವರು ನಿಮ್ಮನ್ನು ನಿರಾಕರಿಸಿದ್ದಾರೆ ಎಂದು ತಿಳಿಯಬೇಡಿ. ಅವರಿಗೆ ನೀವು ಯಾರೆಂಬುದು ಗೊತ್ತಿಲ್ಲ, ಅಷ್ಟೇ. ಎರಡು ನಿಮಿಷದ ಧ್ವನಿ ಸಂದೇಶದಿಂದ ಆ ಗುರುತು ಹುಟ್ಟುವುದಿಲ್ಲ. ಆದರೆ ನಿಮ್ಮ ಗಿರಾಕಿಗಳಾಗಬಹುದಾದವರೆಲ್ಲ ಬೈಕಿನಲ್ಲಿ ಹೋಗಿಬರುವ ದೂರದಲ್ಲಿದ್ದಾರೆ. ಮೊದಲು ಮಿಲ್ಲಿಗೆ ಹೋಗಿ, ಗುಮಾಸ್ತರನ್ನು ಕಂಡು, ನಿಮ್ಮ ಕಾರ್ಡು ಕೊಟ್ಟು, ‘ಸಾಹುಕಾರರಿಗೆ ಯಾವ ಹೊತ್ತಿನಲ್ಲಿ ಫೋನ್ ಮಾಡಬಹುದು, ವಾಟ್ಸ್‌ಆ್ಯಪ್‌ನಲ್ಲಿ ಒಂದು ಮಾತು ಕಳುಹಿಸಬಹುದೇ’ ಎಂದು ಕೇಳಿಕೊಂಡು ಬನ್ನಿ. ದಲಾಲಿ ಅಂಗಡಿಯವರ ಮೂಲಕ ಪರಿಚಯ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ಅದಾದ ಮೇಲಿನ ಕರೆಯನ್ನು ಅವರು ಎತ್ತದಿದ್ದರೆ, ಆಗ ಬಿಡುವ ಸಂದೇಶಕ್ಕೆ ಬೆಲೆಯಿದೆ.

ಇದು ಸೌಜನ್ಯದ ಮಾತು ಮಾತ್ರವಲ್ಲ, ನಿಯಮವೂ ಹೌದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, 2018ರ ನಿಯಮಾವಳಿಯ ಪ್ರಕಾರ ನೋಂದಣಿಯಿಲ್ಲದೆ ಹತ್ತು ಅಂಕಿಯ ಸ್ವಂತ ನಂಬರಿನಿಂದ, ಒಪ್ಪಿಗೆ ಪಡೆಯದೆ ಮಾರಾಟದ ಕರೆ ಮಾಡುವಂತಿಲ್ಲ. ಪ್ರಚಾರದ ಕರೆಗಳಿಗೆಂದೇ 140ರಿಂದ ಶುರುವಾಗುವ ನಂಬರುಗಳಿವೆ. ಕರೆ ಬಂದವರು 1909ಕ್ಕೆ ದೂರು ಕೊಡಬಹುದು. 2025ರ ಫೆಬ್ರವರಿಯ ತಿದ್ದುಪಡಿಯ ನಂತರ ಹತ್ತು ದಿನಗಳಲ್ಲಿ ಐದು ದೂರು ಬಂದರೂ ಸಾಕು, ಕ್ರಮ ಜರುಗಿಸಬಹುದು. ಮೊದಲ ಸಲ 15 ದಿನ ಹೊರಹೋಗುವ ಕರೆಗಳು ನಿಲ್ಲುತ್ತವೆ, ಮತ್ತೆ ತಪ್ಪಿದರೆ ಒಂದು ವರ್ಷ ಸಂಪರ್ಕವೇ ಕಡಿತವಾಗುತ್ತದೆ. ವಾಟ್ಸ್‌ಆ್ಯಪ್ ಈ ನಿಯಮಾವಳಿಗೆ ಒಳಪಡದಿದ್ದರೂ, ವ್ಯಾಪಾರದ ಸಂದೇಶ ಕಳುಹಿಸುವವರು ಎದುರಿನವರ ಒಪ್ಪಿಗೆ ಪಡೆದಿರಬೇಕೆಂಬ ಷರತ್ತು ಅದರಲ್ಲೂ ಇದೆ. ನಿಮ್ಮ ಕಚೇರಿ ನಿಂತಿರುವುದೇ ಆ ಒಂದು ನಂಬರಿನ ಮೇಲೆ ಎಂಬುದನ್ನು ದಯವಿಟ್ಟು ಮರೆಯಬೇಡಿ.

ಈಗ ಸಂದೇಶದ ವಿಷಯಕ್ಕೆ ಬರುತ್ತೇನೆ. ಅದು ಅರ್ಧ ನಿಮಿಷ ಮೀರಬಾರದು, ಅದರಲ್ಲಿ ಸೇವೆಗಳ ಪಟ್ಟಿ ಇರಬಾರದು, ದರವಂತೂ ಬೇಡವೇ ಬೇಡ. ನೀವು ಯಾರು, ಆ ಮಿಲ್ಲಿಗೇ ಏಕೆ ಫೋನ್ ಮಾಡಿದಿರಿ, ಅವರಿಂದ ಏನು ಬೇಕು ಎಂಬ ಮೂರು ಸಂಗತಿಗಳನ್ನು ಹೇಳಿ ನಿಲ್ಲಿಸಿ. ಗ್ರಾಂಥಿಕವಾಗಿ ಬರೆದುಕೊಂಡು ಓದಬೇಡಿ, ನಮ್ಮ ಭಾಗದ ಮಾತಿನಲ್ಲಿಯೇ ಹೇಳಿ:

“ನಮಸ್ಕಾರ್ರೀ ಸಾವ್ಕಾರ್ರ. ಮೊನ್ನೆ ನಿಮ್ಮ ಮಿಲ್ಲಿಗೆ ಬಂದಿದ್ದೆ, ಗುಮಾಸ್ತರು ಈ ನಂಬರ್ ಕೊಟ್ಟು ಫೋನ್ ಮಾಡಂತ ಹೇಳಿದ್ರು. ಗಂಗಾವತಿಯೊಳಗ ಜಿಎಸ್‌ಟಿ ಲೆಕ್ಕದ ಕೆಲಸ ಮಾಡ್ತೀನ್ರೀ. ನೀವು ಇಪ್ಪತ್ತೈದು ಕೆಜಿ ಚೀಲಾನೂ ಮಾಡ್ತೀರಿ, ದೊಡ್ಡ ಚೀಲಾನೂ ಮಾಡ್ತೀರಿ ಅಂತ ಗೊತ್ತಾತು. ಎರಡರ ಲೆಕ್ಕ ಬ್ಯಾರೆ ಬ್ಯಾರೆ ಇಡೋದರ ಬಗ್ಗೆ ಹತ್ತು ನಿಮಿಷ ಮಾತಾಡಬೇಕಿತ್ತು. ಯಾವತ್ತು ಬರ್ಲಿ ಅಂತ ಹೇಳಿದ್ರ ಬರ್ತೀನಿ. ಬ್ಯಾಡ ಅಂದ್ರೂ ಹೇಳ್ರಿ, ಮತ್ತ ಫೋನ್ ಮಾಡಂಗಿಲ್ಲ.”

ಈ ಮಾತಿನಲ್ಲಿ ಕೆಲಸ ಮಾಡುವುದು ಚೀಲದ ಪ್ರಸ್ತಾಪ. ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆಜಿವರೆಗಿನ ಅಕ್ಕಿ ಚೀಲಕ್ಕೆ 2022ರ ಜುಲೈ 18ರಿಂದ ಶೇ 5ರಷ್ಟು ಜಿಎಸ್‌ಟಿ ಬಂದಿತು, ಅದಕ್ಕಿಂತ ದೊಡ್ಡ ಚೀಲಕ್ಕೆ ಬರಲಿಲ್ಲ. 26 ಕೆಜಿಯ ಚೀಲಗಳು ಮಾರುಕಟ್ಟೆಗೆ ಬಂದದ್ದು ಆ ಕಾರಣದಿಂದಲೇ. ಇದನ್ನು ಬಲ್ಲವನು ಅಕ್ಕಿಯ ವ್ಯವಹಾರವನ್ನೂ ಬಲ್ಲವನೆಂದು ಮಾಲೀಕರಿಗೆ ಕ್ಷಣದಲ್ಲಿ ತಿಳಿಯುತ್ತದೆ. ‘ನಾವು ಎಲ್ಲ ಬಗೆಯ ತೆರಿಗೆ ಸೇವೆ ಒದಗಿಸುತ್ತೇವೆ’ ಎಂದರೆ ಅದು ತಿಳಿಯುವುದಿಲ್ಲ. ಕೊನೆಯಲ್ಲಿ ಬೇಡವೆನ್ನಲು ದಾರಿಯನ್ನೂ ತೆರೆದಿಟ್ಟಿದ್ದೀರಿ. ಬೇಡ ಎಂದವರಿಗೆ ಖಂಡಿತವಾಗಿ ಮತ್ತೆ ಫೋನ್ ಮಾಡಬೇಡಿ.

ಹೊತ್ತಿನ ಬಗ್ಗೆ ಒಂದು ಮಾತು. ತಿಂಗಳ ರಿಟರ್ನ್ ಸಲ್ಲಿಸುವವರಿಗೆ 11ನೇ ತಾರೀಖು ಮಾರಾಟದ ವಿವರವಾದ ಜಿಎಸ್‌ಟಿಆರ್-1, 20ನೇ ತಾರೀಖು ತೆರಿಗೆ ಲೆಕ್ಕದ ಸಾರಾಂಶವಾದ 3ಬಿ ಸಲ್ಲಿಸುವ ಕೊನೆಯ ದಿನ. ಆ ದಿನಗಳ ಹಿಂದೆಮುಂದೆ ಗುಮಾಸ್ತರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. 20 ಕಳೆದ ಮೇಲಿನ ಎರಡು ಮೂರು ದಿನ ಒಳ್ಳೆಯವು, ಏಕೆಂದರೆ ಆ ತಿಂಗಳು ಪಟ್ಟ ತಾಪತ್ರಯ ಇನ್ನೂ ನೆನಪಿನಲ್ಲಿರುತ್ತದೆ.

ಪ್ರಶ್ನೆ: ಬಳ್ಳಾರಿಯಲ್ಲಿ ಕುಳಿತು ಅಮೆರಿಕದ ಸಣ್ಣ ಅಂಗಡಿ, ಪ್ಲಂಬಿಂಗ್ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕಾಗಿ ಕರೆ ಮಾಡುತ್ತೇವೆ. ಅಲ್ಲಿ ಹೆಚ್ಚಾಗಿ, ಎತ್ತದ ಕರೆಗೆ ಧ್ವನಿ ಸಂದೇಶ ಬಿಡುವ ವ್ಯವಸ್ಥೆಯಾದ ವಾಯ್ಸ್‌ಮೇಲ್ ಸಿಗುತ್ತದೆ. ಧ್ವನಿಮುದ್ರಿತ ಸಂದೇಶವನ್ನು ಒಂದೇ ಸಲಕ್ಕೆ ನೂರಾರು ಜನರ ವಾಯ್ಸ್‌ಮೇಲ್‌ಗೆ ಹಾಕುವ ತಂತ್ರಾಂಶ ಕೊಳ್ಳಬಹುದೇ?
– ಓದುಗರು, ಬಳ್ಳಾರಿ

ಉತ್ತರ: ಕೊಳ್ಳಬೇಡಿ. ಫೋನು ರಿಂಗಾಗದೆಯೇ ವಾಯ್ಸ್‌ಮೇಲ್‌ಗೆ ಬಂದು ಬೀಳುವ ಮುದ್ರಿತ ಸಂದೇಶವೂ ಕರೆಯೇ ಆಗುತ್ತದೆ, ಅದಕ್ಕೆ ಮೊದಲೇ ಒಪ್ಪಿಗೆ ಬೇಕು ಎಂದು ಅಲ್ಲಿನ ಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, 2022ರ ನವೆಂಬರ್‌ನಲ್ಲಿ ತೀರ್ಪಿತ್ತಿದೆ. ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ಧ್ವನಿಗೂ ಇಂಥ ಕರೆಗಳನ್ನು ನಿಯಂತ್ರಿಸುವ 1991ರ ಅದೇ ಕಾಯ್ದೆ ಅನ್ವಯಿಸುತ್ತದೆ ಎಂದು 2024ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಒಬ್ಬೊಬ್ಬರಿಗೂ ನೀವೇ ಫೋನ್ ಮಾಡಿ, ನೀವೇ ಮಾತನಾಡಿ ಬಿಡುವ ಸಂದೇಶ ಬೇರೆಯೇ ಸಂಗತಿ. ನಿಮ್ಮ ಶ್ರಮವನ್ನು ಅದಕ್ಕೇ ಮೀಸಲಿಡಿ.

ಆ ಸಂದೇಶದಲ್ಲಿ ಮೊದಲ ವಾಕ್ಯವೇ ಮುಖ್ಯ. 2023ರಲ್ಲಿ ಬಂದ, ಐಫೋನಿನ ಮೂಲ ತಂತ್ರಾಂಶವಾದ ಐಒಎಸ್ 17ರ ನಂತರ ಅಮೆರಿಕದ ಐಫೋನುಗಳಲ್ಲಿ, ನೀವು ಮಾತನಾಡುತ್ತಿರುವಾಗಲೇ ನಿಮ್ಮ ಮಾತು ಅಕ್ಷರಗಳಾಗಿ ಪರದೆಯ ಮೇಲೆ ಮೂಡುವ ವ್ಯವಸ್ಥೆಯಿದೆ. ಅದನ್ನು ಓದುತ್ತಾ ಅವರು ನಡುವೆಯೇ ಕರೆ ಎತ್ತಬಹುದು, ಎತ್ತದೆಯೂ ಇರಬಹುದು. ಆದ್ದರಿಂದ ಕ್ಷೇಮಸಮಾಚಾರ ಕೇಳುತ್ತಾ ಕೂರದೆ ಹೆಸರು, ಊರು, ಅವರ ವೆಬ್‌ಸೈಟಿನಲ್ಲಿ ನೀವು ಕಣ್ಣಾರೆ ಕಂಡ ಒಂದು ಕೊರತೆ, ಉದಾಹರಣೆಗೆ ಮೊಬೈಲಿನಲ್ಲಿ ಅವರ ಫೋನ್ ನಂಬರನ್ನು ಒತ್ತಿದರೆ ಕರೆ ಹೋಗುತ್ತಿಲ್ಲ ಎಂಬುದನ್ನು, ಮೊದಲೇ ಹೇಳಿಬಿಡಿ. ನಿಮ್ಮ ನಂಬರನ್ನು ಬಿಡಿಬಿಡಿಯಾಗಿ ಎರಡು ಸಲ ಹೇಳಿ. ಅಮೆರಿಕದವರ ಹೆಸರು ಇಟ್ಟುಕೊಂಡು, ಅವರ ಉಚ್ಚಾರವನ್ನು ಅನುಕರಿಸಿ ಮಾತನಾಡಬೇಡಿ. ಭಾರತದಿಂದ ಮಾತನಾಡುತ್ತಿದ್ದೇನೆ ಎಂದು ಹೇಳುವುದರಲ್ಲಿ ನಷ್ಟವಿಲ್ಲ, ಮುಂದೊಂದು ದಿನ ಅದು ತಾನಾಗಿ ಗೊತ್ತಾದಾಗ ಆಗುವ ನಷ್ಟ ದೊಡ್ಡದು. ಬಳ್ಳಾರಿಯ ಸಂಜೆ ಏಳು ಗಂಟೆ ಎಂದರೆ ನ್ಯೂಯಾರ್ಕ್‌ನಲ್ಲಿ ಬೇಸಿಗೆಯಾದರೆ ಬೆಳಿಗ್ಗೆ ಒಂಬತ್ತೂವರೆ, ಚಳಿಗಾಲವಾದರೆ ಎಂಟೂವರೆ; ಪಶ್ಚಿಮ ಕರಾವಳಿಯಲ್ಲಿ ಅದು ಇನ್ನೂ ಮೂರು ಗಂಟೆ ಹಿಂದೆ ಇರುತ್ತದೆ. ಅದನ್ನು ನೋಡಿಕೊಂಡೇ ಕರೆ ಮಾಡಿ.

ಪ್ರಶ್ನೆ: ರಾಯಚೂರಿನಲ್ಲಿ ಅಂಗಡಿಗಳ ವಿವರವನ್ನು ಗೂಗಲ್ ಮ್ಯಾಪ್‌ಗೆ ಸೇರಿಸಿಕೊಡುವ ಕೆಲಸ ಮಾಡುತ್ತೇನೆ. ವ್ಯಾಪಾರಿಗಳಲ್ಲಿ ಕನ್ನಡ, ತೆಲುಗು, ಉರ್ದು, ಹಿಂದಿ ಮಾತನಾಡುವವರು ಇದ್ದಾರೆ. ಯಾವ ಭಾಷೆಯಲ್ಲಿ ಸಂದೇಶ ಬಿಡಲಿ? ಹೆಣ್ಣುಮಗಳಾಗಿ ನನ್ನ ಧ್ವನಿಯನ್ನು ಗೊತ್ತಿಲ್ಲದವರಿಗೆ ಕಳುಹಿಸಲು ಹಿಂಜರಿಕೆಯೂ ಇದೆ.
– ಓದುಗರು, ರಾಯಚೂರು

ಉತ್ತರ: ಅಂಗಡಿಗೆ ಹೋದಾಗ ಅವರು ನಿಮ್ಮೊಂದಿಗೆ ಯಾವ ಭಾಷೆಯಲ್ಲಿ ಮಾತನಾಡಿದರೋ ಅದರಲ್ಲೇ ಕಳುಹಿಸಿ, ಆ ಭಾಷೆ ನಿಮಗೆ ಸರಾಗವಾಗಿ ಬರದಿದ್ದರೆ ಕನ್ನಡದಲ್ಲಿಯೇ ನಿಧಾನವಾಗಿ ಹೇಳಿ. ನಿಮ್ಮ ಹಿಂಜರಿಕೆ ಸರಿಯಾದದ್ದೇ. ಮನೆಯ ನಂಬರನ್ನು ಬಳಸದೆ ವ್ಯವಹಾರಕ್ಕೆ ಬೇರೆ ಸಿಮ್ ಇಟ್ಟುಕೊಂಡು, ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ, ಸಂಸ್ಥೆಯ ಹೆಸರು, ಕೆಲಸದ ವೇಳೆಯನ್ನು ತುಂಬಿ, ನಿಮ್ಮ ಫೋಟೊ ಬದಲು ಸಂಸ್ಥೆಯ ಚಿಹ್ನೆ ಹಾಕಿ. ಧ್ವನಿಯೇ ಬೇಕೆಂದೇನೂ ಇಲ್ಲ. ಅವರ ಅಂಗಡಿ ಈಗ ಮ್ಯಾಪಿನಲ್ಲಿ ಹೇಗೆ ಕಾಣುತ್ತಿದೆ ಎಂಬ ಒಂದು ಚಿತ್ರ, ಅದರ ಕೆಳಗೆ ಎರಡು ಸಾಲು ಬರಹ ಕಳುಹಿಸಿದರೆ ನಿಮ್ಮ ಕೆಲಸಕ್ಕೆ ಧ್ವನಿ ಸಂದೇಶಕ್ಕಿಂತ ಅದೇ ಹೆಚ್ಚು ಹೊಂದುತ್ತದೆ. ಯಾರಾದರೂ ವ್ಯವಹಾರ ಬಿಟ್ಟು ಬೇರೆ ಮಾತು ತೆಗೆದರೆ ಉತ್ತರ ಕೊಡದೆ ಕೂಡಲೇ ಬ್ಲಾಕ್ ಮಾಡಿ. ಅಂಥ ಗಿರಾಕಿಯನ್ನು ಉಳಿಸಿಕೊಳ್ಳುವ ಅಗತ್ಯ ನಿಮಗಿಲ್ಲ.