ನಮ್ಮ ಮನೆಯ ಮುದ್ದೆ, ಸಾರನ್ನು ಕ್ಯಾಲೊರಿ ಆ್ಯಪ್‌ಗೆ ಸೇರಿಸುವುದು ಹೇಗೆ?

ಹುಡುಕಿದರೆ ‘ರಾಗಿಮುದ್ದೆ, 1’ ಅಂತ ಯಾರೋ ಹಾಕಿದ್ದು ಸಿಗಬಹುದು. ಅದನ್ನು ನಂಬಬೇಡಿ. ಅವರ ಮುದ್ದೆ ನಿಂಬೆಹಣ್ಣಿನಷ್ಟೋ ತೆಂಗಿನಕಾಯಿಯಷ್ಟೋ, ಯಾರಿಗೆ ಗೊತ್ತು?

ಹೆಚ್ಚಿನ ಆ್ಯಪ್‌ಗಳಲ್ಲಿ ಎರಡು ದಾರಿ ಇರುತ್ತದೆ. ಪ್ಯಾಕೆಟ್ ತಿಂಡಿಗೆ ‘ಕ್ರಿಯೇಟ್ ಫುಡ್’, ಹಿಂಬದಿಯ ಲೇಬಲ್ ನೋಡಿ ತುಂಬಿದರೆ ಮುಗಿಯಿತು. ಮನೆ ಅಡುಗೆಗೆ ‘ರೆಸಿಪಿ’ ಆರಿಸಿಕೊಳ್ಳಿ.

ಮುದ್ದೆಯನ್ನೇ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 7 ಗ್ರಾಂ ಪ್ರೋಟೀನ್, 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. (ಕೋಷ್ಟಕದಲ್ಲಿ ಶಕ್ತಿ ಕಿಲೋಜೌಲ್‌ನಲ್ಲಿದೆ, 4.184ರಿಂದ ಭಾಗಿಸಿಕೊಳ್ಳಿ.) 200 ಗ್ರಾಂ ಹಿಟ್ಟು ಹಾಕಿದಿರಿ ಅಂದುಕೊಳ್ಳಿ, ಒಟ್ಟು 640 ಕ್ಯಾಲೊರಿ. ನೀರಿಗೆ ಕ್ಯಾಲೊರಿ ಇಲ್ಲ, ತೂಕ ಮಾತ್ರ ಜಾಸ್ತಿಯಾಗುತ್ತದೆ. ಹಾಗಾಗಿ ತೊಳಸಿ ಇಳಿಸಿದ ಮೇಲೆ ಪೂರ್ತಿ ತೂಕ ನೋಡಿ. 600 ಗ್ರಾಂ ಬಂದರೆ 200 ಗ್ರಾಮಿನ ಒಂದು ಮುದ್ದೆಗೆ ಸುಮಾರು 213. ಸರ್ವಿಂಗ್ ಅನ್ನು ‘1 ಮುದ್ದೆ’ ಅಂತ ಬರೆಯದೆ ಗ್ರಾಂನಲ್ಲೇ ಕೊಡಿ. ನಾಳೆ ಚಿಕ್ಕದು ಕಟ್ಟಿದರೂ ಲೆಕ್ಕ ತಪ್ಪಲ್ಲ.

ಸಾರಿಗೂ ಇದೇ ಕ್ರಮ. ಅಲ್ಲಿ ಎಲ್ಲರೂ ಮರೆಯುವುದು ಒಗ್ಗರಣೆ ಎಣ್ಣೆಯನ್ನು. ಗ್ರಾಮಿಗೆ 9 ಕ್ಯಾಲೊರಿ, ಸುಮ್ನೆ ಬಿಡುವಷ್ಟು ಕಮ್ಮಿಯಲ್ಲ ಅಲ್ವಾ? ಬಾಟಲಿಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಬಾಣಲೆಗೆ ಸುರಿದು ಮತ್ತೆ ಇಡಿ. ಮೈನಸ್ 20 ತೋರಿಸಿದರೆ 20 ಗ್ರಾಂ ಹೋಗಿದೆ, ಅಂದರೆ 180 ಕ್ಯಾಲೊರಿ.