ವಿಜ್ಞಾನ ವಿಭಾಗದ ಮುಖ್ಯಸ್ಥನಾಗಿದ್ದೇನೆ, ರಜೆಯಲ್ಲೇ ಲ್ಯಾಬ್ ಜೋಡಿಸಿಬಿಡಲಾ? ಅಥವಾ ಮೊದಲು ಶಿಕ್ಷಕರ ಮೀಟಿಂಗ್ ಕರೆಯಲಾ?

ಮುಟ್ಟಬೇಡಿ. ಒಂದು ಬಾಟಲಿಯನ್ನೂ ಮುಟ್ಟಬೇಡಿ.

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಪ್ರೌಢಶಾಲೆಯ ವಿಜ್ಞಾನ ವಿಭಾಗ, ಹೊಸ ಜವಾಬ್ದಾರಿ, ಚೆಲ್ಲಾಪಿಲ್ಲಿಯಾದ ಸ್ಟೋರ್ ರೂಮ್, ಮುಂದೆ ಖಾಲಿ ಖಾಲಿ ರಜೆ. ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ನೀವು ಯೋಚಿಸುತ್ತಿರುವುದನ್ನು ನಾನು ಮಾಡಿಯೇ ಬಿಟ್ಟೆ.

ಆಗ ನನಗೆ ಸ್ಟೋರ್ ರೂಮ್ ಕಂಡರೆ ಮೈ ಉರಿಯುತ್ತಿತ್ತು. ಹೈಡ್ರೋಕ್ಲೋರಿಕ್ ಆಮ್ಲ ಒಂದು ಮೂಲೆಯಲ್ಲಿ, ನೆಲದ ಹತ್ತಿರ, ಪ್ಲಾಸ್ಟಿಕ್ ಟ್ರೇ ಒಳಗೆ. ನೈಟ್ರಿಕ್ ಆಮ್ಲ ಬೇರೆ ಟ್ರೇಯಲ್ಲಿ, ಒಂಟಿಯಾಗಿ. ಅಮೋನಿಯಾ ರೂಮಿನ ಇನ್ನೊಂದು ತುದಿಯಲ್ಲಿ, ಕಿಟಕಿ ಪಕ್ಕ. ಅಸಿಟೋನ್, ಸ್ಪಿರಿಟ್ ಎಲ್ಲ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ. ಯಾವುದಕ್ಕೂ ಒಂದು ಕ್ರಮ ಅನ್ನುವುದೇ ಇಲ್ಲ ಅನಿಸಿತು. ಲೇಬಲ್‌ಗಳನ್ನಂತೂ ಕೇಳಲೇಬೇಡಿ, ಪೆನ್ಸಿಲ್‌ನಲ್ಲಿ ಗೀಚಿದ್ದವು. ಲ್ಯಾಬ್ ಅಸಿಸ್ಟೆಂಟ್ ವಯಸ್ಸಾದವರು, ಮಾತು ಕಡಿಮೆ. ಸೋಮಾರಿ ಇರಬೇಕು ಅಂದುಕೊಂಡೆ.

ಅವರು ರಜೆಗೆ ಹೋದರು. ನಾನು ನಾಲ್ಕು ದಿನ ಕೂತು ಎಲ್ಲ ಜೋಡಿಸಿದೆ. ಘನ ವಸ್ತುಗಳು ಒಂದು ಕಪಾಟಿಗೆ, ದ್ರವಗಳೆಲ್ಲ ಇನ್ನೊಂದು ಕಪಾಟಿಗೆ. ಕಂಪ್ಯೂಟರಿನ ಪಟ್ಟಿಯಲ್ಲಿದ್ದ ಹಾಗೆ ಅಕ್ಷರಮಾಲೆಯ ಕ್ರಮ. ಹಳೇ ಲೇಬಲ್ ಕಿತ್ತು, ಬಣ್ಣದ ಪ್ರಿಂಟರಿನಲ್ಲಿ ಹೊಸ ಲೇಬಲ್ ತೆಗೆದು ಅಂಟಿಸಿದೆ. ಕೆಳಗಿನ ಖಾನೆಯಲ್ಲಿ ಜಾಗ ಉಳಿಯಿತಲ್ಲ ಅಂತ ಎಲೆಕ್ಟ್ರಾನಿಕ್ ತಕ್ಕಡಿಗಳನ್ನೂ ಅಲ್ಲೇ ಇಟ್ಟೆ. ಬಾಗಿಲು ಹಾಕಿ, ಬೀಗ ಜಡಿದು, ಫೋಟೋ ತೆಗೆದು ಹೆಡ್ ಮಾಸ್ಟರಿಗೆ ಕಳಿಸಿದೆ. ಅವರಿಂದ ಶಭಾಷ್ ಕೂಡ ಬಂತು.

ರಜೆ ಮುಗಿಸಿ ಬಂದು ಕಪಾಟು ತೆರೆದರೆ ಒಳಗೆಲ್ಲ ಬಿಳಿ ಪುಡಿ. ಪ್ರತಿ ಬಾಟಲಿಯ ಹೆಗಲ ಮೇಲೂ, ಮುಚ್ಚಳದ ಸುತ್ತಲೂ, ಬಾಗಿಲಿನ ಒಳಮೈಗೂ. ಬೆರಳಿನಲ್ಲಿ ಗೆರೆ ಎಳೆಯಬಹುದಿತ್ತು, ಅಷ್ಟು. ಹೊಸ ಲೇಬಲ್‌ಗಳ ಬಣ್ಣ ಕದಡಿ ಇಳಿದುಹೋಗಿತ್ತು. ತಕ್ಕಡಿಗಳ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಒಂದು ಆನ್ ಆಯಿತು, ಆದರೆ ಸೊನ್ನೆಗೆ ಬಂದು ನಿಲ್ಲಲಿಲ್ಲ. ಇನ್ನೊಂದು ಆನ್ ಕೂಡ ಆಗಲಿಲ್ಲ.

ಆ ಪುಡಿ ಏನು ಅಂತ ನಿಮಗೆ ಗೊತ್ತಾಗಿರುತ್ತೆ. ಅಮೋನಿಯಂ ಕ್ಲೋರೈಡ್. ಗಾಢ ಹೈಡ್ರೋಕ್ಲೋರಿಕ್ ಆಮ್ಲ ಎಷ್ಟೇ ಬಿಗಿಯಾಗಿ ಮುಚ್ಚಿದರೂ ಸ್ವಲ್ಪ ಸ್ವಲ್ಪ ಆವಿ ಬಿಡುತ್ತಲೇ ಇರುತ್ತೆ. ಅಮೋನಿಯಾ ದ್ರಾವಣವೂ ಅಷ್ಟೇ. ಎರಡು ಅನಿಲ ಗಾಳಿಯಲ್ಲಿ ಸೇರಿದ ಕೂಡಲೇ ಬಿಳಿ ಹೊಗೆ, ಹೊಗೆ ಕೂತರೆ ಪುಡಿ. ಎರಡೂ ಬಾಟಲಿ ಬೇರೆ ಬೇರೆ ಖಾನೆಯಲ್ಲಿದ್ದವು ನಿಜ. ಆದರೆ ಕಪಾಟು ಒಂದೇ, ಬಾಗಿಲು ಒಂದೇ. ಅನಿಲಕ್ಕೆ ಖಾನೆ ಲೆಕ್ಕವಾ?

ನಾಚಿಕೆಯ ವಿಷಯ ಇನ್ನೊಂದಿದೆ. ಉದ್ದನೆಯ ಗಾಜಿನ ಕೊಳವೆಯ ಒಂದು ತುದಿಗೆ ಅಮೋನಿಯಾದಲ್ಲಿ ಅದ್ದಿದ ಹತ್ತಿ, ಇನ್ನೊಂದು ತುದಿಗೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಹತ್ತಿ ಇಟ್ಟು ಪ್ರಯೋಗ ಮಾಡ್ತೀವಲ್ವಾ? ಅಮೋನಿಯಾದ ಅಣುತೂಕ 17, ಇನ್ನೊಂದರದ್ದು 36.5. ಹಗುರವಾದದ್ದು ಬೇಗ ಓಡುತ್ತೆ, ಹಾಗಾಗಿ ಬಿಳಿ ಉಂಗುರ ಆಮ್ಲದ ತುದಿಗೆ ಹತ್ತಿರ ಬೀಳುತ್ತೆ. ಪ್ರತಿ ವರ್ಷ ಮಕ್ಕಳ ಮುಂದೆ ಇದನ್ನು ಮಾಡಿ ತೋರಿಸುತ್ತಿದ್ದವನು ನಾನೇ. ಅದನ್ನೇ ಕಪಾಟಿನ ಅಳತೆಯಲ್ಲಿ ಇಡೀ ರಜೆ ನಡೆಸಿದ್ದೆ.

ಪುಡಿ ಒರೆಸಬಹುದಿತ್ತು. ತಕ್ಕಡಿಯನ್ನೂ ಮತ್ತೆ ಕೊಳ್ಳಬಹುದಿತ್ತು. ಹೆಚ್ಚು ಹೊಡೆತ ಬಿದ್ದದ್ದು ಲೇಬಲ್ ವಿಷಯದಲ್ಲಿ. ಹದಿನಾಲ್ಕು ಬಾಟಲಿಗಳಲ್ಲಿ ಏನಿದೆ ಅಂತ ಖಚಿತವಾಗಿ ಹೇಳಲು ಯಾರಿಗೂ ಆಗಲಿಲ್ಲ. ಹೆಸರಿಲ್ಲದ ಬಾಟಲಿಯನ್ನು ಮೂಸಿ ನೋಡಿ ಊಹಿಸೋ ಹಾಗಿಲ್ಲ, ಸಿಂಕಿಗೆ ಸುರಿಯೋ ಹಾಗೂ ಇಲ್ಲ. ಅಪಾಯಕಾರಿ ತ್ಯಾಜ್ಯ ಅಂತ ಬೇರೆಯಾಗಿ ವಿಲೇವಾರಿ ಮಾಡಿಸಬೇಕು, ಅದಕ್ಕೆ ದುಡ್ಡು ಕಟ್ಟಬೇಕು. ತಕ್ಕಡಿ ಮತ್ತು ವಿಲೇವಾರಿ ಸೇರಿ ಆ ವರ್ಷದ ಬಜೆಟ್ ಅರ್ಧಕ್ಕರ್ಧ ಹೋಯಿತು. ಎಷ್ಟೋ ಪ್ರಾಕ್ಟಿಕಲ್‌ಗಳನ್ನು ಮಕ್ಕಳು ಬೋರ್ಡಿನ ಮೇಲಷ್ಟೇ ನೋಡಿದರು.

ಅಸಿಸ್ಟೆಂಟ್ ಬಂದು ನೋಡಿದರು. ಕೂಗಾಡಲಿಲ್ಲ. ಒಂದು ಬಾಟಲಿ ಎತ್ತಿ, "ಸಾರ್, ಪೆನ್ಸಿಲ್ ಗೀಟು ಆಮ್ಲಕ್ಕೆ ಅಳಿಸಿಹೋಗಲ್ಲ, ಅದಕ್ಕೇ ಅದರಲ್ಲಿ ಬರೀತಿದ್ದೆ" ಅಂದರು. ಅಷ್ಟೇ. ಆಮೇಲೆ ಎರಡು ತಿಂಗಳು ಕೇಳಿದ್ದಕ್ಕೆ ಮಾತ್ರ ಉತ್ತರ.

ಅವರ ಚೆಲ್ಲಾಪಿಲ್ಲಿಯಲ್ಲಿ ಎಷ್ಟು ಲೆಕ್ಕಾಚಾರ ಇತ್ತು ಅನ್ನುವುದು ನಿಧಾನವಾಗಿ ತಿಳಿಯಿತು. ಆಮ್ಲ ಕೆಳಗಿದ್ದದ್ದು ಬಿದ್ದರೆ ಮುಖದ ಮೇಲೆ ಬೀಳಬಾರದು ಅಂತ. ಟ್ರೇ ಇದ್ದದ್ದು ಸೋರಿದರೆ ನಿಲ್ಲಲಿ ಅಂತ. ನೈಟ್ರಿಕ್ ಆಮ್ಲ ಒಂಟಿಯಾಗಿದ್ದದ್ದು ಸ್ಪಿರಿಟ್, ಅಸಿಟೋನ್, ಅಸಿಟಿಕ್ ಆಮ್ಲ ಯಾವುದರ ಜೊತೆಗೂ ಅದನ್ನು ಇಡಬಾರದು ಅಂತ. ನಾನು ಅವನ್ನೆಲ್ಲ ಒಂದೇ ಕಪಾಟಿಗೆ ತುಂಬಿದ್ದೆ! ಪುಡಿಯಲ್ಲೇ ಮುಗಿಯಿತಲ್ಲ ಅಂತ ಈಗಲೂ ನಿಟ್ಟುಸಿರು ಬಿಡುತ್ತೇನೆ. ಲ್ಯಾಬಿನಲ್ಲಿರುವ ಪೊಟ್ಯಾಸಿಯಂ ಪರ್ಮಾಂಗನೇಟ್ ಮೇಲೆ ಗ್ಲಿಸರಿನ್ ಬಿದ್ದರೆ ಬೆಂಕಿಕಡ್ಡಿಯೇ ಬೇಡ, ತಾನಾಗಿ ಹೊತ್ತಿಕೊಳ್ಳುತ್ತೆ. ಅಕ್ಷರಮಾಲೆಗೆ ಇದೆಲ್ಲ ಗೊತ್ತಿರಲ್ಲ.

ಇನ್ನು ಮೀಟಿಂಗ್. ಅದೂ ಮೊದಲ ಕೆಲಸ ಅಲ್ಲ ಅನ್ನುತ್ತೇನೆ. ಮೀಟಿಂಗ್‌ನಲ್ಲಿ ಎಲ್ಲರೂ ಸುಮ್ನೆ ತಲೆ ಆಡಿಸಿ ಎದ್ದು ಹೋಗುತ್ತಾರೆ. ಮೊದಲ ಎರಡು ವಾರ ಬಿಡುವಿನ ಪೀರಿಯಡ್‌ಗಳಲ್ಲಿ ಅಸಿಸ್ಟೆಂಟ್ ಪಕ್ಕ ಕೂತು ಬೀಕರ್ ತೊಳೆಯಿರಿ. ವಿಭಾಗ ನಿಜವಾಗಿ ಹೇಗೆ ನಡೆಯುತ್ತೆ ಅನ್ನುವುದು ಆ ಸಿಂಕಿನ ಹತ್ತಿರ ಗೊತ್ತಾಗುತ್ತೆ. ಯಾವ ಟೀಚರ್ ಬೆಳಗ್ಗೆ ಓಡಿ ಬಂದು "ಈಗಲೇ ಬೇಕು" ಅನ್ನುತ್ತಾರೆ, ಯಾರು ಪ್ರಾಕ್ಟಿಕಲ್ ಮಾಡಿಸುವುದೇ ಇಲ್ಲ, ವಿದ್ಯುತ್ ಪ್ರವಾಹ ಅಳೆಯುವ ಎಂಟು ಅಮ್ಮೀಟರ್‌ಗಳಲ್ಲಿ ಎಷ್ಟು ಕೆಲಸ ಮಾಡುತ್ತವೆ, ಎಲ್ಲ.

ನಾನು ಆಮೇಲೆ ಬದಲಾಯಿಸಿದ್ದು ಎರಡೇ. ಮೊದಲನೆಯದು ಚೀಟಿ. ಯಾವ ಪ್ರಯೋಗ, ಎಷ್ಟು ಸೆಟ್, ಯಾವ ಪೀರಿಯಡ್ ಅಂತ ಟೀಚರ್‌ಗಳು ಬರೆದು ಒಂದು ವಾರ ಮುಂಚೆ ಅಸಿಸ್ಟೆಂಟ್‌ಗೆ ಕೊಡಬೇಕು. ಆಮ್ಲವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಸೇರಿಸಿ, ತಣ್ಣಗಾಗಿಸಿ ಇಡಲು ಹೊತ್ತು ಬೇಕು. ಪಿಷ್ಟದ ದ್ರಾವಣ ಆಗಿಂದಾಗ ಮಾಡಬೇಕು, ಇಟ್ಟರೆ ಕೆಡುತ್ತೆ. ಎರಡನೆಯದು ಪಾಠದ ಸರದಿ. ಮೂರು ತರಗತಿಗೂ ಒಂದೇ ತಿಂಗಳು ವಿದ್ಯುತ್ ಪಾಠ ಬಂದರೆ ಎಂಟು ಅಮ್ಮೀಟರ್‌ಗೆ ಜಗಳ. ಒಂದು ತರಗತಿ ವಿದ್ಯುತ್ ಮಾಡುವಾಗ ಇನ್ನೊಂದು ಸಸ್ಯಗಳ ಪಾಠ ಮಾಡಲಿ. ಖರ್ಚಿಲ್ಲದೆ ಉಪಕರಣ ಮೂರು ಪಟ್ಟಾದ ಹಾಗೆ.

ಹೊಸ ಸಾಮಾನು ತರಿಸುವ ಆಸೆ ಇದ್ದರೆ ಒಂದು ವರ್ಷ ತಡೆದುಕೊಳ್ಳಿ. ಡಬ್ಬದಿಂದ ಆಚೆಗೇ ಬರದ ಸೆನ್ಸರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ದುಡ್ಡಿಗೆ ಪರೀಕ್ಷಾನಳಿಕೆ ತರಿಸಿ, ಅವು ಒಡೆಯುತ್ತಲೇ ಇರುತ್ತವೆ.

ರಜೆಯಲ್ಲಿ ಏನಾದರೂ ಮಾಡಲೇಬೇಕು ಅಂತ ಕೈ ತುರಿಸಿದರೆ ಸ್ಟಾಕ್ ರಿಜಿಸ್ಟರ್ ಓದಿ. ಬಾಟಲಿಗಳನ್ನು ಇದ್ದಲ್ಲೇ ಬಿಟ್ಟು ಫೋಟೋ ತೆಗೆದುಕೊಳ್ಳಿ. ಅಸಿಸ್ಟೆಂಟ್ ಬಂದ ಮೇಲೆ ಫೋಟೋ ತೋರಿಸಿ, ಯಾವುದು ಯಾಕೆ ಅಲ್ಲಿದೆ ಅಂತ ಕೇಳಿ. ಒಂದು ಪೆನ್ಸಿಲ್ ಜೊತೆಗಿರಲಿ.