ಪರ್ಮಾಂಗನೇಟ್ ಲೆಕ್ಕದಲ್ಲಿ ಈ 2:5 ಎಲ್ಲಿಂದ ಬಂತು?

25 ಮಿ.ಲೀ. ಆಕ್ಸಾಲಿಕ್ ಆಮ್ಲಕ್ಕೆ 0.02 ಮೋಲಾರ್ (ಅಂದರೆ ಲೀಟರಿಗೆ 0.02 ಮೋಲ್) ಪೊಟ್ಯಾಸಿಯಮ್ ಪರ್ಮಾಂಗನೇಟ್ 20 ಮಿ.ಲೀ. ಬೇಕಾಯಿತು, ಆಮ್ಲದ ಸಾರತೆ ನಿಮಗೆ 0.016 ಬಂತು, ಪುಸ್ತಕದಲ್ಲಿ ಮಾತ್ರ 0.04 ಇದೆ ಅಂತ ಕೇಳಿದ್ದೀರಿ. ನಿಮ್ಮ ಗುಣಾಕಾರ, ಭಾಗಾಕಾರ ಸರಿಯಾಗಿಯೇ ಇದೆ. ಆದರೆ ಒಂದು ಮೋಲ್‌ಗೆ ಒಂದು ಮೋಲ್ ಎಂದು ಹಿಡಿದುಬಿಟ್ಟಿದ್ದೀರಿ. ರೆಡಾಕ್ಸ್ ಕ್ರಿಯೆಯಲ್ಲಿ, ಅಂದರೆ ಒಂದು ವಸ್ತು ಇಲೆಕ್ಟ್ರಾನ್ ಕೊಟ್ಟು ಇನ್ನೊಂದು ಪಡೆಯುವ ಕ್ರಿಯೆಯಲ್ಲಿ, ಸಮ ಆಗಬೇಕಾದದ್ದು ಮೋಲ್ ಅಲ್ಲ, ಇಲೆಕ್ಟ್ರಾನ್.

ಇಲ್ಲಿ ಇಲೆಕ್ಟ್ರಾನ್ ಕೊಡುವುದು ಆಕ್ಸಾಲಿಕ್ ಆಮ್ಲದ ಆಕ್ಸಲೇಟ್ ಅಯಾನು. ಅದರಲ್ಲಿ ಎರಡು ಕಾರ್ಬನ್ ಇವೆ. ಎರಡೂ +3 ಉತ್ಕರ್ಷಣ ಸ್ಥಿತಿಯಿಂದ (ಆಕ್ಸಿಡೇಶನ್ ಸ್ಟೇಟ್) +4ಕ್ಕೆ ಹೋಗಿ ಕಾರ್ಬನ್ ಡೈಆಕ್ಸೈಡ್ ಆಗುತ್ತವೆ. ಅಂದರೆ ಕೊಟ್ಟದ್ದು 2 ಇಲೆಕ್ಟ್ರಾನ್. ಪರ್ಮಾಂಗನೇಟ್‌ನ ಮ್ಯಾಂಗನೀಸ್ +7ರಿಂದ +2ಕ್ಕೆ ಇಳಿಯುತ್ತದೆ, ಅದಕ್ಕೆ 5 ಬೇಕು. ಕೊಟ್ಟದ್ದೂ ಪಡೆದದ್ದೂ 10 ಆಗಲು 2 ಪರ್ಮಾಂಗನೇಟ್‌ಗೆ 5 ಆಕ್ಸಲೇಟ್. ಈಗ ನಿಮ್ಮ 0.0004 ಮೋಲ್ ಪರ್ಮಾಂಗನೇಟನ್ನು ಎರಡೂವರೆಯಿಂದ ಗುಣಿಸಿ. 0.001 ಮೋಲ್. ಅದು 25 ಮಿ.ಲೀ.ನಲ್ಲಿದ್ದರೆ 0.04 ಮೋಲಾರ್.

ಕ್ರಿಯೆಗೆ ಜೊತೆಯಲ್ಲಿ ಹಾಕುವ ಸಲ್ಫ್ಯೂರಿಕ್ ಆಮ್ಲದ ಪಾತ್ರವನ್ನೂ ನೋಡಬೇಕು, ಜಾಸ್ತಿ ಜನ ಎಡವುವುದೇ ಅಲ್ಲಿ. ಪರ್ಮಾಂಗನೇಟ್ ಬಿಟ್ಟುಕೊಡುವ ನಾಲ್ಕು ಆಕ್ಸಿಜನ್ ನೀರಾಗಬೇಕು ಅಲ್ವಾ? ನಾಲ್ಕು ನೀರಿಗೆ ಎಂಟು ಹೈಡ್ರೋಜನ್ ಅಯಾನು ಬೇಕು. ಸರಿಯಾಗಿದೆಯೇ ಎಂದು ತಿಳಿಯಲು ನಾನು ಯಾವಾಗಲೂ ವಿದ್ಯುದಾವೇಶ (ಚಾರ್ಜ್) ಕೂಡಿ ನೋಡುತ್ತೇನೆ. ಸಮೀಕರಣದ ಎಡಗಡೆ ಪರ್ಮಾಂಗನೇಟ್‌ನದು -1, ಹೈಡ್ರೋಜನ್ ಅಯಾನುಗಳದು +8, ಇಲೆಕ್ಟ್ರಾನ್‌ಗಳದು -5. ಒಟ್ಟು +2. ಬಲಗಡೆ ಮ್ಯಾಂಗನೀಸ್ ಅಯಾನಿನದೂ +2. ಅಲ್ಲಿಗೆ ಮುಗಿಯಿತು.

ಎರಡು ಪರ್ಮಾಂಗನೇಟ್‌ಗೆ ಹಾಗಾದರೆ 16 ಹೈಡ್ರೋಜನ್ ಅಯಾನು. ಕೆಲವು ಪುಸ್ತಕಗಳಲ್ಲಿ 6 ಅಂತ ಕಂಡರೆ ಗಾಬರಿಯಾಗಬೇಡಿ. ಐದು ಆಕ್ಸಾಲಿಕ್ ಆಮ್ಲದ ಅಣುಗಳೇ 10 ಕೊಡುತ್ತವೆ, ಉಳಿದ 6 ಮಾತ್ರ ಸಲ್ಫ್ಯೂರಿಕ್ ಆಮ್ಲದಿಂದ ಬರಬೇಕು.

ಒಮ್ಮೆ ನಾನು ಸಲ್ಫ್ಯೂರಿಕ್ ಆಮ್ಲವನ್ನು ತೀರಾ ಕಡಿಮೆ ಹಾಕಿದ್ದೆ. ಫ್ಲಾಸ್ಕ್‌ನಲ್ಲಿ ಕಂದು ಬಣ್ಣದ ಮಡ್ಡಿ ಕಾಣಿಸಿತು. ಅದು ಮ್ಯಾಂಗನೀಸ್ ಡೈಆಕ್ಸೈಡ್. ಅಲ್ಲಿ ಮ್ಯಾಂಗನೀಸ್ +4ರಲ್ಲೇ ನಿಂತುಬಿಡುತ್ತದೆ, ಪಡೆಯುವುದು ಮೂರೇ ಇಲೆಕ್ಟ್ರಾನ್. ಆಗ 2:5 ಎಂಬ ಲೆಕ್ಕವೇ ನಿಲ್ಲುವುದಿಲ್ಲ. ಹಾಗಂತ ಸುಮ್ನೆ ಹೈಡ್ರೋಕ್ಲೋರಿಕ್ ಆಮ್ಲ ಸುರಿಯಬೇಡಿ. ಪರ್ಮಾಂಗನೇಟ್ ಅದರ ಕ್ಲೋರೈಡನ್ನೂ ಕ್ಲೋರಿನ್ ಮಾಡುತ್ತದೆ, ಬ್ಯುರೆಟ್ (ಪರ್ಮಾಂಗನೇಟ್ ಹನಿಸುವ ಅಳತೆಯ ಕೊಳವೆ) ರೀಡಿಂಗ್ ಏರಿಹೋಗುತ್ತದೆ. ಸಾರ ಕಡಿಮೆ ಮಾಡಿದ ಸಲ್ಫ್ಯೂರಿಕ್ ಆಮ್ಲವನ್ನೇ ಧಾರಾಳವಾಗಿ ಹಾಕಿ. ಕಂದು ಮಡ್ಡಿ ಕಂಡರೆ ಆ ರೀಡಿಂಗ್ ಬಿಟ್ಟು ಹೊಸದಾಗಿ ಶುರು ಮಾಡಿ.